ಗುಳೆ ಹೋಗುವ ಊರಿಗೆ ಗುಳೆ ಬಂದವರು

ಕಡಲೆ, ಬಿಳಿಜೋಳ ಬಿತ್ತಿ ಮುಗಿದ ಮೇಲೆ ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳ ತಾಂಡಾಗಳಲ್ಲಿ ಒಂದೊಂದೇ ಮನೆಗೆ ಬೀಗ ಬೀಳತೊಡಗುತ್ತದೆ. ಮುದುಕರು ಉಳಿಯುತ್ತಾರೆ, ಅವರ ಕೈಯಲ್ಲಿ ಒಂದಿಷ್ಟು ಮಕ್ಕಳು ಉಳಿಯುತ್ತಾರೆ. ದುಡಿಯುವವರೆಲ್ಲ ಗೋವಾ, ಮಂಗಳೂರು, ಉಡುಪಿ, ಬೆಂಗಳೂರುಗಳ ಕಟ್ಟಡ ಕೆಲಸಕ್ಕೆ ಇಲ್ಲವೇ ಉಚಲ್ಯಾ (ಮುಂಗಡ) ಹಿಡಿದು ಕಬ್ಬು ಕಡಿಯಲು ಹೊರಡುತ್ತಾರೆ. ಅದೇ ಹಂಗಾಮಿನಲ್ಲಿ, ಅದೇ ತಾಲ್ಲೂಕುಗಳ ಎರಿ ಹೊಲಗಳ ನಡುವೆ ತಗಡಿನ ಶೆಡ್ಡುಗಳು ಏಳುತ್ತವೆ. ಬಿಹಾರ, ಜಾರ್ಖಂಡ್, ಒಡಿಶಾ, ಪಶ್ಚಿಮ ಬಂಗಾಳಗಳ ಹುಡುಗರು ಗಾಳಿಯಂತ್ರದ ಬುನಾದಿಗೆ ಕಬ್ಬಿಣ ಕಟ್ಟಲು, ವಿದ್ಯುತ್ ಗೋಪುರಗಳ ಮೇಲೆ ತಂತಿ ಎಳೆಯಲು, ಹೆದ್ದಾರಿ ಅಗಲ ಮಾಡಲು ಬಂದಿಳಿಯುತ್ತಾರೆ. ಇಲ್ಲಿಯವರು ಹೊರಗೆ ಹೋಗುವುದು ನಮ್ಮ ಸರ್ಕಾರಿ ಕಡತಗಳಲ್ಲಿ ಬರಗಾಲದ ವಿಷಯ. ಹೊರಗಿನವರು ಇಲ್ಲಿಗೆ ಬರುವುದು, ಅದು ಕಡತಕ್ಕೆ ಬಂದರೆ, ಪೊಲೀಸ್ ಠಾಣೆಯ ವಿಷಯ. ಇವೆರಡನ್ನೂ ಒಟ್ಟಿಗೆ ಓದದೆ ಗದಗ ಜಿಲ್ಲೆಯಲ್ಲಿ ಯೋಜನೆಗಳ ಪಕ್ಕದ ಊರುಗಳಿಗೆ ಏನಾಗುತ್ತಿದೆ ಎಂಬುದು ಅರ್ಥವಾಗದು. ಊರಿಗೆ ಆಗುವ ತೊಂದರೆಯ ಬೇರು ಬಂದ ಕೂಲಿಕಾರನ ಸ್ವಭಾವದಲ್ಲಿಲ್ಲ, ಅವನನ್ನು ಕರೆತಂದ ಗುತ್ತಿಗೆಯಲ್ಲಿದೆ. ಆದ್ದರಿಂದ ಅದನ್ನು ಸರಿಪಡಿಸಬೇಕಾದದ್ದೂ ಗುತ್ತಿಗೆಯ ಕಾಗದದಲ್ಲಿಯೇ, ಗ್ರಾಮ ಪಂಚಾಯಿತಿಯ ಎದುರಿಗೆ, ಮೊದಲ ಗುಂಡಿ ತೋಡುವುದಕ್ಕೆ ಮುಂಚೆ.

ಈ ಸೀಮೆಗೆ ದೊಡ್ಡ ಕಾಮಗಾರಿಗಳು ಹೊಸವಲ್ಲ. ತುಂಗಭದ್ರೆಗೆ ಹಮ್ಮಿಗಿ ಬಳಿ ಬ್ಯಾರೇಜು ಕಟ್ಟಿದ ಸಿಂಗಟಾಲೂರ ಏತ ನೀರಾವರಿ, ಹುಬ್ಬಳ್ಳಿ–ಹೊಸಪೇಟೆ ಚತುಷ್ಪಥ, ಗದಗ–ಹೋಟಗಿ ಜೋಡಿ ಹಳಿ, ಮುಂಡರಗಿ ತಾಲ್ಲೂಕಿನ ಗಂಗಾಪುರದ ಸಕ್ಕರೆ ಕಾರ್ಖಾನೆ, ಎಲ್ಲಕ್ಕಿಂತ ಹೆಚ್ಚಾಗಿ ಗಾಳಿ ವಿದ್ಯುತ್ತು. ಕಪ್ಪತಗುಡ್ಡದ ನೆತ್ತಿಯ ಮೇಲೆ ಮೊದಲು ನಿಂತ ಗಾಳಿಯಂತ್ರಗಳು ಈಗ ಗುಡ್ಡ ಇಳಿದು ಬಯಲಿಗೆ ಬಂದಿವೆ. 2019ರಲ್ಲಿ ಕಪ್ಪತಗುಡ್ಡದ 244 ಚದರ ಕಿಲೋಮೀಟರು ವನ್ಯಜೀವಿಧಾಮವಾಯಿತು. ಗಾಳಿ ವ್ಯವಹಾರವೀಗ ಗದಗ, ಮುಂಡರಗಿ, ಲಕ್ಷ್ಮೇಶ್ವರದ ಕಡೆಯ ಹೊಲಗಳಲ್ಲಿ, ರೈತರೊಂದಿಗಿನ ಒಪ್ಪಂದಗಳ ಮೂಲಕ ನಡೆದಿದೆ. ಅಂದರೆ ಕೆಲಸ ಊರ ಮಗ್ಗುಲಿಗೇ ಬಂದಿದೆ.

ಜಮೀನಿನ ಬಗ್ಗೆ ಈ ಜಿಲ್ಲೆ ಮಾತಾಡಬಲ್ಲದು, ಗಟ್ಟಿಯಾಗಿಯೇ ಮಾತಾಡಿದೆ. 2010ರ ಜಾಗತಿಕ ಹೂಡಿಕೆದಾರರ ಸಮಾವೇಶದಲ್ಲಿ ಪೋಸ್ಕೊ ಕಂಪನಿ 32 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ ಉಕ್ಕಿನ ಕಾರ್ಖಾನೆಗೆ ಒಪ್ಪಂದ ಮಾಡಿಕೊಂಡಿತು. ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಸುತ್ತ ಮೂರು ಸಾವಿರಕ್ಕೂ ಹೆಚ್ಚು ಎಕರೆ ಕೇಳಿತು. ತೋಂಟದ ಸಿದ್ಧಲಿಂಗ ಸ್ವಾಮೀಜಿಯವರು ಮುಂದೆ ನಿಂತರು, ರೈತರು ಬೀದಿಗಿಳಿದರು, 2011ರ ಜುಲೈನಲ್ಲಿ ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು. ಕರ್ನಾಟಕದ ರೈತ ಹೋರಾಟಗಳಲ್ಲಿ ಅದು ದೊಡ್ಡ ಗೆಲುವು. ಆದರೆ ಅಷ್ಟೊಂದು ಚರ್ಚೆಯಲ್ಲಿ ಒಂದು ಪ್ರಶ್ನೆ ಬದಿಗೇ ಉಳಿಯಿತು: ಅಂಥ ಕಾರ್ಖಾನೆ ಕಟ್ಟಲು ವರ್ಷಾನುಗಟ್ಟಲೆ ಬಂದು ಇಳಿಯುವ ಸಾವಿರಾರು ಜನ ಎಲ್ಲಿ ಮಲಗುತ್ತಾರೆ, ಯಾವ ನೀರು ಕುಡಿಯುತ್ತಾರೆ, ಕಾಯಿಲೆ ಬಿದ್ದರೆ ಯಾವ ಆಸ್ಪತ್ರೆಯ ಬಾಗಿಲು ತಟ್ಟುತ್ತಾರೆ? ನೆಲ ಕೊಡುವವನ ಪ್ರಶ್ನೆ ನಮಗೆ ಕಾಣಿಸಿತು. ನೆಲವೇ ಇಲ್ಲದ ಇಬ್ಬರು, ಊರಿನ ಭೂಹೀನ ಕೂಲಿ ಮತ್ತು ಹೊರಗಿನಿಂದ ಬರುವ ಕೂಲಿ, ಲೆಕ್ಕಕ್ಕೆ ಬರಲಿಲ್ಲ.

ಇವತ್ತು ಆ ಪ್ರಶ್ನೆ ಕೇಳಲು ವೇದಿಕೆಯೂ ಇಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಉಕ್ಕಿನ ಕಾರ್ಖಾನೆಗೆ, ಅಣೆಕಟ್ಟಿಗೆ ಸಾರ್ವಜನಿಕ ಅಹವಾಲು ಸಭೆ ಕಡ್ಡಾಯ. ಗಾಳಿ ವಿದ್ಯುತ್ ಯೋಜನೆ ಆ ಪಟ್ಟಿಯಲ್ಲೇ ಇಲ್ಲ, ರೈಲು ಮಾರ್ಗವೂ ಇಲ್ಲ. ಹೊಸದಾಗಿ ಜಮೀನು ಕೊಳ್ಳದೆ ಹೆದ್ದಾರಿ ಅಗಲ ಮಾಡಿದರೆ ಅಹವಾಲು ಸಭೆಯಿಂದ ವಿನಾಯಿತಿ. ಹೊಗೆ ಉಗುಳದ ಗಾಳಿಯಂತ್ರಕ್ಕೆ ಇಷ್ಟು ಸಲೀಸು ಕೊಟ್ಟದ್ದರಲ್ಲಿ ತರ್ಕವಿದೆ. ಆದರೆ ಹೊಗೆ ಇಲ್ಲದ ಯೋಜನೆಗೂ ಕೂಲಿಕಾರರ ಶಿಬಿರ ಬೇಕು. ಗದಗ ಜಿಲ್ಲೆಗೆ ಸದ್ಯ ಬರುತ್ತಿರುವ ಕಾಮಗಾರಿಗಳಲ್ಲಿ ಬಹುಪಾಲು, ಊರಿನವರನ್ನು ಒಂದೆಡೆ ಕೂಡಿಸಿ 'ಎಷ್ಟು ಜನ ಬರುತ್ತಾರೆ, ಎಷ್ಟು ತಿಂಗಳು ಇರುತ್ತಾರೆ' ಎಂದು ಹೇಳಲೇಬೇಕಾದ ಕಟ್ಟುಪಾಡಿಲ್ಲದ ಕಾಮಗಾರಿಗಳು.

ಒಂದು ಗಾಳಿಯಂತ್ರದ ಬುನಾದಿಯನ್ನೇ ನೋಡಿ. ಇಪ್ಪತ್ತು ಮೀಟರಿನ ಆಸುಪಾಸು ಅಗಲದ ದುಂಡು ಗುಂಡಿ. ಅದರೊಳಗೆ ಆಳೆತ್ತರದ ಕಬ್ಬಿಣದ ಹೆಣಿಗೆ. ನಡುವೆ ಗೋಪುರ ಕೂರುವ ಉಕ್ಕಿನ ಬಳೆ. ಕಾಂಕ್ರೀಟು ಸುರಿಯಲು ತೊಡಗಿದರೆ ನಡುವೆ ನಿಲ್ಲಿಸುವಂತಿಲ್ಲ, ಬಿರುಕು ಬಿಡುತ್ತದೆ. ಸರ್ಚ್‌ಲೈಟಿನಲ್ಲಿ ರಾತ್ರಿಯಿಡೀ ಮಿಕ್ಸರ್ ಲಾರಿಗಳು ಬರುತ್ತಲೇ ಇರುತ್ತವೆ. ಎತ್ತಿನ ಬಂಡಿ, ಟ್ರ್ಯಾಕ್ಟರುಗಳಿಗೆಂದು ಮಾಡಿದ ಹೊಲದ ದಾರಿ ಬೆಳಗಾಗುವಷ್ಟರಲ್ಲಿ ಕುಸಿದಿರುತ್ತದೆ. ಕಬ್ಬಿಣ ಕಟ್ಟುವ ತಂಡ ತನ್ನ ಪಾಲಿನ ಕೆಲಸ ಮುಗಿಸಿ ಮುಂದಿನ ಗುಂಡಿಗೆ ಹೋಗುತ್ತದೆ, ಅದರ ಹಿಂದೆ ಸೆಂಟ್ರಿಂಗಿನವರು, ಅವರ ಹಿಂದೆ ಕ್ರೇನಿನವರು, ಕೊನೆಗೆ ತಂತಿಯವರು. ಒಂದೊಂದು ತಂಡಕ್ಕೂ ಒಬ್ಬೊಬ್ಬ ಗುತ್ತಿಗೆದಾರ, ಅವನ ಕೆಳಗೊಬ್ಬ ಮುಕಾದಮ. ಎಲ್ಲ ಮುಗಿಯಲು ಒಂದು ವರ್ಷ, ಒಂದೂವರೆ ವರ್ಷ. ಆಮೇಲೆ ಅಲ್ಲಿ ಉಳಿಯುವುದು ಕೆಲವೇ ತಂತ್ರಜ್ಞರು, ಗೇಟಿನ ಬಳಿ ಊರಿನದೇ ಒಬ್ಬ ಕಾವಲುಗಾರ.

ಈ ಒಂದೂವರೆ ವರ್ಷದಲ್ಲಿ ಊರು ಹೊರುವ ಭಾರ ಸಣ್ಣ ಸಣ್ಣ ಕಡೆಗಳಲ್ಲಿ ಬೀಳುತ್ತದೆ. ಮೊದಲನೆಯದು ನೀರು. ಗದಗ-ಬೆಟಗೇರಿಯಂಥ ಅವಳಿ ನಗರವೇ ನದಿ ನೀರಿಗಾಗಿ ವಾರಗಟ್ಟಲೆ ಕಾಯುವುದನ್ನು ರೂಢಿ ಮಾಡಿಕೊಂಡಿದೆ. ಹಳ್ಳಿಗಳ ಪಾಡು ಹೇಳಬೇಕಿಲ್ಲ. ಮುಂಡರಗಿ ತಾಲ್ಲೂಕಿನ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಯಾವ ಬಾವಿಯ ನೀರು ದನಕ್ಕೆ, ಯಾವುದು ಬಟ್ಟೆಗೆ, ಯಾವುದು ಕುಡಿಯಲು ಎಂಬುದು ಊರಿನ ಹೆಂಗಸರಿಗೆ ಗೊತ್ತು, ನೀರುಗಂಟಿಗೆ ಗೊತ್ತು. ಗುತ್ತಿಗೆದಾರನಿಗೆ ಗೊತ್ತಿಲ್ಲ, ಅವನು ಹತ್ತಿರ ಸಿಕ್ಕ ಬೋರಿನ ನೀರನ್ನು ಟ್ಯಾಂಕಿಗೆ ತುಂಬಿಸುತ್ತಾನೆ, ಹುಡುಗರು ಅದನ್ನೇ ಕುಡಿಯುತ್ತಾರೆ. ಎರಡನೆಯದು ಬಯಲು. ಶೌಚಾಲಯವಿಲ್ಲದ ಶಿಬಿರ ಎಂದರೆ ಹೊಲಕ್ಕೆ ಹೋಗುವ ಹೆಂಗಸರು ದಾರಿ ಬದಲಿಸಬೇಕು, ಕತ್ತಲಿಗೆ ಮುಂಚೆ ಮನೆ ಸೇರಬೇಕು ಎಂದೇ ಅರ್ಥ. ಅವರ ಅಂಜಿಕೆಯನ್ನು ಕಟ್ಟುಕಥೆ ಎಂದು ತಳ್ಳಿಹಾಕುವುದು ಅನ್ಯಾಯ. ಮೂರನೆಯದು ಉದ್ರಿ. ಮುಕಾದಮ ಪಗಾರ ತಡಮಾಡಿದರೆ ಹುಡುಗರು ಕಿರಾಣಿ ಅಂಗಡಿಯಲ್ಲಿ ಅಕ್ಕಿ, ಎಣ್ಣೆ, ಆಲೂಗಡ್ಡೆ ಉದ್ರಿ ತರುತ್ತಾರೆ. ತಂಡ ಒಂದು ರಾತ್ರಿಯಲ್ಲಿ ಬೇರೆ ಜಿಲ್ಲೆಗೆ ಎದ್ದುಹೋದರೆ ಆ ಬಾಕಿ ಅಂಗಡಿಯವನ ತಲೆಯ ಮೇಲೆ. 'ಅವರು ಮೋಸಗಾರರು' ಎಂಬ ಮಾತು ಹುಟ್ಟುವುದು ಇಲ್ಲಿ. ಆದರೆ ಮೋಸ ಮಾಡಿದ್ದು ಪಗಾರ ಹಿಡಿದಿಟ್ಟವನು.

ಕುಟುಂಬದಿಂದ ದೂರ, ಊರಿನ ಭಾಷೆ ತಿಳಿಯದ, ರಜೆಯಿಲ್ಲದ, ಪಗಾರ ಯಾವಾಗ ಸಿಗುವುದೆಂಬ ಖಾತ್ರಿಯಿಲ್ಲದ ನೂರು ಗಂಡಸರನ್ನು ಒಂದು ಹೊಲದ ಮೂಲೆಯಲ್ಲಿ ಕೂಡಿಹಾಕಿದರೆ ಕುಡಿತ, ಜಗಳ, ಹೆಣ್ಣುಮಕ್ಕಳಿಗೆ ಕಿರುಕುಳದ ಸಾಧ್ಯತೆ ಹೆಚ್ಚುತ್ತದೆ. ಅವರು ಬಿಹಾರದವರಾಗಲಿ ಗದಗಿನವರಾಗಲಿ, ಫಲ ಅದೇ. ಇದನ್ನು ಜಗತ್ತು ಬಹಳ ಕೆಟ್ಟ ರೀತಿಯಲ್ಲಿ ಕಲಿತದ್ದು ಯುಗಾಂಡಾದಲ್ಲಿ. ಆ ದೇಶದ ಪಶ್ಚಿಮ ಭಾಗದ ಕಾಮ್‌ವೆಂಗೆ ರಸ್ತೆ ಕಾಮಗಾರಿಗೆ ಬಂದ ಕೆಲಸಗಾರರು ಶಾಲಾ ಬಾಲಕಿಯರನ್ನು ಲೈಂಗಿಕವಾಗಿ ಶೋಷಿಸಿದ್ದು ಹೊರಬಿದ್ದಾಗ, 2015ರ ಡಿಸೆಂಬರಿನಲ್ಲಿ ವಿಶ್ವಬ್ಯಾಂಕ್ ಆ ಯೋಜನೆಯ ನೆರವನ್ನೇ ರದ್ದು ಮಾಡಿತು. ಮರುವರ್ಷ, ಯೋಜನೆಗಾಗಿ ತಾತ್ಕಾಲಿಕವಾಗಿ ಬರುವ ಕಾರ್ಮಿಕರಿಂದ ಊರಿಗಾಗುವ ಪರಿಣಾಮವನ್ನು ಹೇಗೆ ನಿಭಾಯಿಸಬೇಕು ಎಂಬ ಮಾರ್ಗದರ್ಶಿ ಹೊರಡಿಸಿತು. ಮೊದಲು ಸ್ಥಳೀಯರಿಗೆ ಕೆಲಸ ಕೊಟ್ಟು ಬರುವವರ ಸಂಖ್ಯೆ ತಗ್ಗಿಸಿ. ಉಳಿದವರಿಂದ ಏನಾಗಬಹುದು ಎಂದು ಮುಂಚೆಯೇ ಅಂದಾಜು ಮಾಡಿ. ಆ ಅಂದಾಜನ್ನು ಗುತ್ತಿಗೆಯ ಷರತ್ತಾಗಿ ಬರೆಯಿರಿ ಎನ್ನುವುದು ಅದರ ತಿರುಳು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಗುತ್ತಿಗೆಯಲ್ಲಿ ದರ ನಮೂದಾಗದ ಶೌಚಾಲಯವನ್ನು ಯಾವ ಗುತ್ತಿಗೆದಾರನೂ ಕಟ್ಟುವುದಿಲ್ಲ.

ನಾವು ಯುಗಾಂಡಾದವರೆಗೆ ಹೋಗಬೇಕಾಗಿಯೂ ಇಲ್ಲ, ಏಕೆಂದರೆ ಇದೇ ಕಥೆಯ ಮತ್ತೊಂದು ಬದಿಯಲ್ಲಿ ನಮ್ಮ ಜನರೇ ನಿಂತಿದ್ದಾರೆ. ಗೋವಾದ ಮುರಗಾಂವ ಬಂದರಿನ ಪಕ್ಕದ ಬೈನಾದಲ್ಲಿ ಉತ್ತರ ಕರ್ನಾಟಕದ ಕೂಲಿಕಾರರು ದಶಕಗಟ್ಟಲೆ ಗುಡಿಸಲು ಕಟ್ಟಿಕೊಂಡು ಬಾಳಿದರು. ಬಂದರು, ರಸ್ತೆ, ಕಟ್ಟಡಗಳಿಗೆ ಅವರ ಕೈ ಬೇಕಿತ್ತು. ಅವರಿಗೆ ಮನೆ ಬೇಕೆಂಬುದು ಯಾವ ಯೋಜನೆಯ ಲೆಕ್ಕದಲ್ಲೂ ಇರಲಿಲ್ಲ. 2004ರಲ್ಲಿ ಬುಲ್ಡೋಜರು ಬಂತು, 2015ರಲ್ಲಿ ಮತ್ತೆ ಬಂತು. ಅಲ್ಲಿನವರ ಬಾಯಲ್ಲಿ ನಮ್ಮವರು ಕೊಳಕರು, ಅಪರಾಧಿಗಳು, ತಮ್ಮ ಊರು ಕೆಡಿಸಿದವರು. ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ 2020ರ ಜನವರಿಯಲ್ಲಿ 'ಬಾಂಗ್ಲಾದೇಶೀಯರು' ಎಂಬ ಹಣೆಪಟ್ಟಿ ಹಚ್ಚಿ ಶೆಡ್ಡುಗಳನ್ನು ನೆಲಸಮ ಮಾಡಿದಾಗ, ಬೀದಿಗೆ ಬಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರ ಜೊತೆ ಉತ್ತರ ಕರ್ನಾಟಕದವರೂ ಇದ್ದರು. ಹೈಕೋರ್ಟು ಆ ಕ್ರಮವನ್ನು ಕಟುವಾಗಿ ಪ್ರಶ್ನಿಸಿತು. ತಾಂಡಾದ ತಾಯಿಯೊಬ್ಬಳು ಗೋವಾದಲ್ಲಿರುವ ಮಗನಿಗೆ ಯಾವ ಗೌರವ ಬಯಸುತ್ತಾಳೋ, ಅದನ್ನು ತನ್ನೂರ ಹೊಲದ ಶೆಡ್ಡಿನಲ್ಲಿರುವ ಒಡಿಶಾದ ಹುಡುಗನಿಗೆ ನಿರಾಕರಿಸುವ ನೈತಿಕ ಹಕ್ಕು ಈ ಜಿಲ್ಲೆಗಿಲ್ಲ. ಇದು ಬರೀ ಮರುಕದ ಮಾತಲ್ಲ. ಗುಳೆ ಹೋಗಿ ಬಂದವರಿಗೆ ಶಿಬಿರದಲ್ಲಿ ಏನೇನು ಕೊರತೆಯಿರುತ್ತದೆ, ಮುಕಾದಮ ಎಲ್ಲಿ ಕತ್ತರಿ ಹಾಕುತ್ತಾನೆ ಎಂಬುದು ಯಾವ ಸಲಹೆಗಾರ ಸಂಸ್ಥೆಗಿಂತಲೂ ಚೆನ್ನಾಗಿ ಗೊತ್ತು. ಶಿಬಿರಗಳ ಮೇಲುಸ್ತುವಾರಿ ಸಮಿತಿ ಮಾಡುವುದಾದರೆ ಮೊದಲು ಕೂರಿಸಬೇಕಾದದ್ದು ಅವರನ್ನೇ.

ಹೊರಗಿನವರ ಆಧಾರ್ ಪ್ರತಿ ತೆಗೆದುಕೊಂಡು ಪೊಲೀಸ್ ಪರಿಶೀಲನೆ ಮಾಡಿಸಿದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಯಾರು ಬಂದಿದ್ದಾರೆ ಎಂಬ ಪಟ್ಟಿ ಬೇಕು, ಸಂಶಯವಿಲ್ಲ. ಆದರೆ ಠಾಣೆಯ ಪಟ್ಟಿ ಅಪರಾಧವಾದ ಮೇಲೆ ಹುಡುಕಲು ನೆರವಾಗುತ್ತದೆ; ಪಗಾರ ಬಾಕಿ ತಪ್ಪಿಸುವುದಿಲ್ಲ, ನೀರಿನ ಟ್ಯಾಂಕು ತೊಳೆಯುವುದಿಲ್ಲ. ಮೇಲಾಗಿ, ಹೊರಗಿನವರೆಲ್ಲ ಶಂಕಿತರು ಎಂಬ ಭಾವನೆಯೇ ಅಪಾಯಕಾರಿ. 2018ರಲ್ಲಿ ಮಕ್ಕಳ ಕಳ್ಳರ ವಾಟ್ಸ್‌ಆ್ಯಪ್ ವದಂತಿ ಹಬ್ಬಿದಾಗ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಬಡ ಕೂಲಿಕಾರನೊಬ್ಬನನ್ನು, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಹಿಂದೂ–ಮುಸ್ಲಿಂ ಇಬ್ಬರೂ ನಡೆದುಕೊಳ್ಳುವ ಶಿರಹಟ್ಟಿಯ ಫಕೀರೇಶ್ವರ ಮಠ, ಲಕ್ಷ್ಮೇಶ್ವರದ ದೂದ್‌ಪೀರಾಂ ದರ್ಗಾ ಇರುವ ಸೀಮೆಯಲ್ಲಿ ಅಪರಿಚಿತನನ್ನು ಮೊದಲು ಮನುಷ್ಯನಾಗಿ ಕಾಣುವ ಪರಿಪಾಠ ಇನ್ನೂ ಇದೆ. ಶೆಡ್ಡಿನವರು ಯಾರು, ಯಾವ ಕೆಲಸಕ್ಕೆ ಬಂದವರು, ತೊಂದರೆಯಾದರೆ ಯಾರಿಗೆ ಫೋನು ಮಾಡಬೇಕು ಎಂಬುದನ್ನು ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲೂ ಹಿಂದಿಯಲ್ಲೂ ಬರೆದರೆ ವದಂತಿಗೆ ಜಾಗ ಕಡಿಮೆಯಾಗುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು: ನಮ್ಮ ಹುಡುಗರು ಗೋವಾಕ್ಕೆ ಹೋಗುತ್ತಿರುವಾಗ ಹೊರಗಿನವರನ್ನು ತರುವುದೇ ಯಾಕೆ? ಇದರಲ್ಲಿ ಬಹುಪಾಲು ನಿಜವಿದೆ. ಮಂಗಳೂರಿನಲ್ಲಿ ಬಹುಮಹಡಿ ಕಟ್ಟಡಕ್ಕೆ ಕಬ್ಬಿಣ ಕಟ್ಟುವವನಿಗೆ ಅತ್ತಿಕಟ್ಟಿಯ ಹೊಲದಲ್ಲಿ ಕಟ್ಟಲು ಬಾರದೇ? ಗುತ್ತಿಗೆದಾರನಿಗೆ ದೂರದವನೇ ಬೇಕಾಗಿರುವುದು ಬೇರೆ ಕಾರಣಕ್ಕೆ. ದೂರದವನು ಹಬ್ಬಹಬ್ಬಕ್ಕೂ ಊರಿಗೆ ಹೋಗುವುದಿಲ್ಲ, ಹೆಸರು ಬಿಡಿಸುವ ಸುಗ್ಗಿಯಲ್ಲಿ ಕೆಲಸ ಬಿಡುವುದಿಲ್ಲ, ಪಗಾರ ಸಿಗದಿದ್ದರೆ ಊರ ಹಿರಿಯರನ್ನು ಕರೆತರುವುದಿಲ್ಲ. ನಮ್ಮವರನ್ನು ಗೋವಾದವರು ಇಟ್ಟುಕೊಳ್ಳುವುದೂ ಇದೇ ಕಾರಣಕ್ಕೆ. ಹೀಗೆ ಎರಡೂ ಕಡೆಯ ಬಡವರು ಪರಸ್ಪರರ ಊರಿನಲ್ಲಿ ದುರ್ಬಲರಾಗಿ ದುಡಿಯುತ್ತಿದ್ದಾರೆ. ಕೌಶಲ ಬೇಡದ, ಅರೆಕೌಶಲದ ಕೆಲಸದಲ್ಲಿ ಇಂತಿಷ್ಟು ಪಾಲು ಸುತ್ತಲಿನ ಪಂಚಾಯಿತಿಗಳವರಿಗೆ ಎಂದು ಷರತ್ತು ಹಾಕುವುದು ನ್ಯಾಯ. ಅದನ್ನು ಒಬ್ಬೊಬ್ಬ ಮರಿ ಪುಢಾರಿಯ ಶಿಫಾರಸಿಗೆ ಬಿಟ್ಟರೆ ಕಾವಲುಗಾರಿಕೆ, ಜೆಸಿಬಿ ಬಾಡಿಗೆ ಅವನ ಬಳಗಕ್ಕೆ ಸಿಕ್ಕು ಉಳಿದವರು ಮತ್ತೆ ಬಸ್ಸು ಹತ್ತುತ್ತಾರೆ. ದೇಶದ ಮೊದಲ ಕೃಷಿ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತನದಲ್ಲಿ. ಆ ಪರಂಪರೆಯ ಜಿಲ್ಲೆಯಲ್ಲಿ ತಾಂಡಾಗಳ ಕೂಲಿಕಾರರು ಸಂಘ ಕಟ್ಟಿಕೊಂಡು ನೇರವಾಗಿ ಉಪಗುತ್ತಿಗೆ ಹಿಡಿಯುವುದು ಅಸಾಧ್ಯವಲ್ಲ. ಹಾಗೆಂದು ಹೊರಗಿನವರು ಬರುವುದು ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಎತ್ತರದ ಕ್ರೇನು ನಡೆಸುವ ತಂಡ ದೇಶದಲ್ಲೆಲ್ಲ ತಿರುಗುವ ತಂಡ. 'ಸ್ಥಳೀಯರಿಗೇ ಎಲ್ಲ' ಎಂಬ ಘೋಷಣೆಯನ್ನು ಗೋವಾ, ಬೆಂಗಳೂರುಗಳೂ ಕೂಗಿದರೆ ಮೊದಲು ಒಲೆ ಆರುವುದು ನಮ್ಮ ತಾಂಡಾಗಳಲ್ಲಿ.

ಕಾನೂನು ಇದೆಯಲ್ಲ, ಹೊಸದೇನು ಬೇಕು ಎಂಬ ಮಾತೂ ಬರುತ್ತದೆ. ಕಾನೂನು ಇತ್ತು, ಇದೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಐದು ಜನರಿದ್ದರೂ ನೋಂದಣಿ ಕೇಳುತ್ತಿತ್ತು, ಸ್ಥಳಾಂತರ ಭತ್ಯೆ ಕೊಡಿಸುತ್ತಿತ್ತು. ಆದರೆ ಶಿರಹಟ್ಟಿಯಿಂದ ಮಂಗಳೂರಿಗೆ ಹೋದವನು ರಾಜ್ಯದ ಗಡಿ ದಾಟದ ಕಾರಣ ಅದರ ಲೆಕ್ಕದಲ್ಲಿ ವಲಸಿಗನೇ ಆಗಿರಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ಆ ಕಾಯ್ದೆಯನ್ನು ನುಂಗಿಕೊಂಡಿದೆ. ಮಿತಿ ಐದರಿಂದ ಹತ್ತಕ್ಕೆ ಏರಿದೆ, ಸ್ಥಳಾಂತರ ಭತ್ಯೆ ಹೋಗಿದೆ, ಪ್ರಯಾಣ ಭತ್ಯೆ ಉಳಿದಿದೆ. ಉಪಗುತ್ತಿಗೆಗಳಾಗಿ ಒಡೆದ ಗಾಳಿಯಂತ್ರದ ಕೆಲಸದಲ್ಲಿ ಹತ್ತರ ಮಿತಿಯಿಂದ ನುಣುಚಿಕೊಳ್ಳುವುದು ಸುಲಭ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ 34ನೇ ಕಲಮು ಇನ್ನೂ ಸ್ಪಷ್ಟವಿತ್ತು: ಮಾಲೀಕ ಬಿಟ್ಟಿಯಾಗಿ ವಸತಿ ಕೊಡಬೇಕು, ಅಡುಗೆಗೆ, ಸ್ನಾನಕ್ಕೆ, ಶೌಚಕ್ಕೆ ಬೇರೆ ಬೇರೆ ಜಾಗ ಇರಬೇಕು, ಕೆಲಸ ಮುಗಿದ ಮೇಲೆ ಶೆಡ್ಡು ಕಿತ್ತು ನೆಲ ಹದಗೊಳಿಸಬೇಕು, ಸ್ಥಳೀಯ ಸಂಸ್ಥೆಯಿಂದ ಪಡೆದ ಜಾಗವಾದರೆ ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು. ಇದರ ತಿರುಳೂ ಹೊಸ ಸಂಹಿತೆಯಲ್ಲಿ ಬಂದಿದೆ. ಈ ಕಲಮನ್ನು ಎಷ್ಟು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ ಮೇಜಿನ ಮೇಲೆ ಇಟ್ಟಿದ್ದೇವೆ? ಹಣದ ಕಥೆಯೂ ಅಷ್ಟೇ. ಕಾಮಗಾರಿ ವೆಚ್ಚದ ಶೇ 1ರಷ್ಟು ಸೆಸ್ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಹಾಗೆ ಕೂಡಿದ ಹಣವನ್ನು ಲ್ಯಾಪ್‌ಟಾಪು, ವಾಷಿಂಗ್ ಮಷಿನ್ನುಗಳಿಗೆ ಸುರಿದ ರಾಜ್ಯಗಳ ವೈಖರಿ ಕಂಡು ಸುಪ್ರೀಂ ಕೋರ್ಟು 2018ರ ಮಾರ್ಚಿನ ತೀರ್ಪಿನಲ್ಲಿ ಕಟುವಾಗಿ ಖಂಡಿಸಿತು. ಕಾಮಗಾರಿ ನಡೆವ ಊರಿಗೆ ಆ ಸೆಸ್ಸಿನಿಂದ ಒಂದು ಅಂಗನವಾಡಿ ಕೋಣೆಯೂ ತಾನಾಗಿ ಬರುವುದಿಲ್ಲ. ಒಂದು ಪಾಲು ಆಯಾ ಪಂಚಾಯಿತಿಯ ವ್ಯಾಪ್ತಿಯಲ್ಲೇ, ಶಿಬಿರದ ಮಕ್ಕಳಿಗೆ, ಆರೋಗ್ಯ ಉಪಕೇಂದ್ರಕ್ಕೆ ಖರ್ಚಾಗುವಂತೆ ನಿಯಮ ಬದಲಿಸಬೇಕು. ರಾಜ್ಯದ ಪಂಚಾಯಿತಿಗಳಲ್ಲಿ 2023ರಿಂದ ಕೂಲಿ ಹೆಂಗಸರ ಮಕ್ಕಳಿಗೆಂದು ತೆರೆದಿರುವ 'ಕೂಸಿನ ಮನೆ' ಶಿಶುಪಾಲನಾ ಕೇಂದ್ರಗಳ ಬಾಗಿಲು ಶೆಡ್ಡಿನ ಕೂಸುಗಳಿಗೂ ತೆರೆಯಬೇಕು. ಆ ಕೂಸಿನ ತಾಯಿಯೂ ಕೂಲಿಯವಳೇ.

ಪಂಚಾಯಿತಿಗಳಿಗೆ ಇಷ್ಟು ನಿಭಾಯಿಸುವ ತಾಕತ್ತಿಲ್ಲ, ಅಧಿಕಾರ ಕೊಟ್ಟರೆ ಪರ್ಸೆಂಟೇಜಿಗೆ ಇನ್ನೊಂದು ಕೈ ಸೇರುತ್ತದೆ ಎಂಬ ಅನುಮಾನವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಆ ಅಪಾಯಕ್ಕೆ ಮದ್ದು ಬಯಲು. ಶಿಬಿರದ ಒಪ್ಪಂದವನ್ನು ಸದಸ್ಯರ ಕೋಣೆಯಲ್ಲಿ ಮಾಡದೆ ಗ್ರಾಮಸಭೆಯಲ್ಲಿ ಓದಿ ಹೇಳಬೇಕು, ಠೇವಣಿ ಹಣ ಪಂಚಾಯಿತಿಯ ಖಾತೆಯಲ್ಲಿದ್ದು ರಸ್ತೆ ದುರಸ್ತಿ, ಅಂಗಡಿಗಳ ಬಾಕಿ, ಪಗಾರ ಬಾಕಿ ತೀರಿದ ಮೇಲಷ್ಟೇ ಮರಳಬೇಕು. ತಾಕತ್ತಿನ ಪ್ರಶ್ನೆಗೆ ಉತ್ತರ ಕಪ್ಪತಗುಡ್ಡದ ಬುಡದಲ್ಲೇ ಇದೆ. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್‌ಗೆಂದೇ ಸ್ಥಾಪಿಸಿದ ರಾಜ್ಯದ ವಿಶ್ವವಿದ್ಯಾಲಯ ಇರುವುದು ಗದಗ ಬಳಿಯ ನಾಗಾವಿಯಲ್ಲಿ. ಯೋಜನೆ ಬರುವ ಮುಂಚೆ ನೀರು, ಶಾಲೆ, ಆಸ್ಪತ್ರೆಗಳ ಧಾರಣಶಕ್ತಿ ಎಷ್ಟು ಎಂದು ಅಳೆದು ಕೊಡುವ ಕೆಲಸ ಅದರ ವಿದ್ಯಾರ್ಥಿಗಳದಾಗಬಹುದು. ಕೇರಳ ವಲಸೆ ಕಾರ್ಮಿಕರಿಗಾಗಿ 2017ರಲ್ಲಿ 'ಆವಾಜ್' ವಿಮೆ ತಂದದ್ದು, 2019ರಲ್ಲಿ ಕಂಜಿಕೋಡಿನಲ್ಲಿ 'ಅಪ್ನಾ ಘರ್' ವಸತಿಗೃಹ ತೆರೆದದ್ದು ಹೊರಗಿನವರ ಮೇಲಿನ ಪ್ರೀತಿಯಿಂದ ಮಾತ್ರವಲ್ಲ. ಕೊಳೆಗೇರಿ ಬೆಳೆದ ಮೇಲೆ ಆಗುವ ಖರ್ಚಿಗಿಂತ ಇದು ಅಗ್ಗ ಎಂಬ ತಿಳಿವಳಿಕೆಯಿಂದ ಕೂಡ.

ಹೂಡಿಕೆದಾರರು ಬೇರೆ ರಾಜ್ಯಕ್ಕೆ ಹೋದಾರು ಎಂಬ ಹೆದರಿಕೆಗೆ ಬಹಳ ಹೊತ್ತು ಕೊಡಬೇಕಿಲ್ಲ. ಗಾಳಿ ಎಲ್ಲಿ ಬೀಸುತ್ತದೋ ಅಲ್ಲಿಗೇ ಯಂತ್ರ ಬರಬೇಕು. ಹತ್ತಾರು ಕೋಟಿಯ ಯಂತ್ರವೊಂದರ ಲೆಕ್ಕದಲ್ಲಿ ಶೌಚಾಲಯ, ನೀರಿನ ಶುದ್ಧೀಕರಣ ಘಟಕ, ಸಕಾಲದ ಪಗಾರ ದೊಡ್ಡ ಬಾಬತ್ತಲ್ಲ. ದಾರಿ ಕೆಟ್ಟಿತೆಂದು ರೈತರು ರೆಕ್ಕೆ ಹೊತ್ತ ಲಾರಿಗೆ ಅಡ್ಡ ನಿಂತರೆ, ಬಾಡಿಗೆಗೆ ತಂದ ಕ್ರೇನು ಸುಮ್ಮನೆ ನಿಂತ ಒಂದೊಂದು ದಿನಕ್ಕೂ ಕಂಪನಿ ತೆರುವುದು ಇದಕ್ಕಿಂತ ಹೆಚ್ಚು.

ಶಿರಹಟ್ಟಿ, ಲಕ್ಷ್ಮೇಶ್ವರದ ಜನ ದಶಕಗಳಿಂದ ಕೇಳುತ್ತಿರುವ ಗದಗ–ಯಲವಿಗಿ ರೈಲು ಮಾರ್ಗದ ಕೆಲಸ ಶುರುವಾದ ದಿನ ಮುಳಗುಂದದಿಂದ ಲಕ್ಷ್ಮೇಶ್ವರದವರೆಗೆ ಊರೂರಿನ ಹೊರವಲಯದಲ್ಲಿ ಶೆಡ್ಡುಗಳು ಏಳುತ್ತವೆ. ರೈಲು ಮಾರ್ಗಕ್ಕೆ ಅಹವಾಲು ಸಭೆಯ ಕಟ್ಟುಪಾಡಿಲ್ಲ, ಆದರೆ ಗ್ರಾಮಸಭೆ ಕರೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ಟೆಂಡರು ಕರೆಯುವ ಮುಂಚೆಯೇ ಆ ಹಾದಿಯ ಪಂಚಾಯಿತಿಗಳು ಒಟ್ಟಾಗಿ ಠರಾವು ಮಾಡಿ ಜಿಲ್ಲಾಡಳಿತಕ್ಕೂ ರೈಲ್ವೆಗೂ ಕಳಿಸಬಹುದು: ಶಿಬಿರ ಎಲ್ಲಿ, ನೀರು ಯಾವ ಬಾವಿಯದು, ಪಗಾರದ ದಿನ ಯಾವುದು, ಹೆಣ್ಣುಮಕ್ಕಳ ದೂರು ಕೇಳುವವರು ಯಾರು, ಗೋವಾದಿಂದ ಮರಳಿ ಬರಲು ಸಿದ್ಧರಿರುವ ನಮ್ಮ ಕಬ್ಬಿಣ ಕಟ್ಟುವವರು, ಗೌಂಡಿಗಳು ಎಷ್ಟು ಜನ. ಈ ಕೊನೆಯ ಪಟ್ಟಿ ಮಾಡಲು ತಾಂಡಾಗಳಲ್ಲಿ ಎಲ್ಲರೂ ಇರುವ ಕಾಲ ಒಂದೇ, ದೀಪಾವಳಿ. ಹಬ್ಬ ಮುಗಿದರೆ ಅವರು ಮತ್ತೆ ಹೊರಡುತ್ತಾರೆ.